ಹೊಟ್ಟೆಬಾಯಿಗೆ ಹೊಸ ಕೈ

ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸಕ್ಕಿರುವ ಗೆಳೆಯ ಮೇ ತಿಂಗಳಲ್ಲಿ ಉಡುಪಿಗೆ ಬಂದಾಗ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕೈಗಿಟ್ಟ. ಒಳಗೆ ಹತ್ತಿಯಲ್ಲಿ ಸುತ್ತಿದ ಲೋಹದ ಗೊಂಬೆ. ಎತ್ತರ ಮೂರು ಸೆಂಟಿಮೀಟರ್ ಇರಬಹುದು. ಮನುಷ್ಯನ ಮೈ. ಬಲಗೈ ಇರಬೇಕಾದಲ್ಲಿ ಏಡಿಯ ಇಕ್ಕಳ. ಎಡಗೈ ಇರಬೇಕಾದಲ್ಲಿ ಮುರಿದ ಮೋಟು. ಹೊಟ್ಟೆಯಲ್ಲಿ ಅಡ್ಡಕ್ಕೆ ತೆರೆದ ಬಾಯಿ, ಬಾಯಿ ತುಂಬ ಹಲ್ಲು. ಇಷ್ಟರ ಮೇಲೆ ಯಾರೋ ಹಸಿರು ಬಣ್ಣವನ್ನು ದಪ್ಪಗೆ ಬಳಿದಿದ್ದರು.

ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ಎಂತದು ಮಗಾ ಇದು? ಹೊಟ್ಟೆಯಲ್ಲಿ ಬಾಯಿ ಉಂಟಲ್ಲ!" ಅವತ್ತಿನಿಂದ ಮನೆಯಲ್ಲಿ ಅವನ ಹೆಸರು ಹೊಟ್ಟೆಬಾಯಿ.

ಇಂಥ ಹಳೆ ಆಟದ ಗೊಂಬೆಗಳಿಗೆ ಹೊಸದಾಗಿ ಬಣ್ಣ ಹಚ್ಚುವುದು ನನ್ನ ಹವ್ಯಾಸ. ಅದರ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳುತ್ತೇನೆ. 1983ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ವಾರ್‌ಹ್ಯಾಮರ್ ಎಂಬ ಆಟವನ್ನು ಹೊರತಂದಿತು. ಮೇಜಿನ ಮೇಲೆ ಸಣ್ಣ ಗೊಂಬೆಗಳ ಸೈನ್ಯ ಇಟ್ಟು, ದಾಳ ಉರುಳಿಸಿ ಆಡುವ ಆಟ. ಆ ಗೊಂಬೆಗಳನ್ನು ಎರಕ ಹೊಯ್ಯುತ್ತಿದ್ದದ್ದು 1979ರಲ್ಲಿ ಶುರುವಾದ ಸಿಟಾಡೆಲ್ ಮಿನಿಯೇಚರ್ಸ್. ಆ ಲೋಕದಲ್ಲಿ ಕೇಯಾಸ್ ಅಂತ ಒಂದು ಕೇಡಿನ ಶಕ್ತಿ ಇದೆ. ಅದರ ಹತ್ತಿರ ಹೋದವರ ಮೈಯೇ ಬದಲಾಗುತ್ತದೆ. ಕೊಂಬು ಬರುತ್ತದೆ, ಮೂರನೇ ಕಾಲು ಬರುತ್ತದೆ, ಚರ್ಮ ಚಿಪ್ಪಾಗುತ್ತದೆ. 1988ರ ನಿಯಮ ಪುಸ್ತಕವೊಂದರಲ್ಲಿ ಇದಕ್ಕೆಂದೇ ಉದ್ದದ ಪಟ್ಟಿ ಇತ್ತು. ದಾಳ ಹಾಕಿ 1ರಿಂದ 1000ದವರೆಗಿನ ಒಂದು ಸಂಖ್ಯೆ ತೆಗೆದರೆ ನಿಮ್ಮ ಗೊಂಬೆಗೆ ಯಾವ ವಿಕಾರ ಬಂತು ಅಂತ ಗೊತ್ತಾಗುತ್ತಿತ್ತು. ಹೀಗಾಗಿ ಆ ಕಾಲದ ಮ್ಯುಟೆಂಟ್, ಅಂದರೆ ಮೈ ಬದಲಾದ, ಗೊಂಬೆಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದೇ ಕಡಿಮೆ. ನನಗೆ ಅವುಗಳ ಮೇಲೆ ಪ್ರೀತಿ ಹುಟ್ಟಿದ್ದೂ ಅದಕ್ಕೇ.

ಮೊದಲ ಕೆಲಸ ಹಳೆ ಬಣ್ಣ ತೆಗೆಯುವುದು. ಇದಕ್ಕೆ ಬ್ರಿಟನ್ನಿನ ಹವ್ಯಾಸಿಗಳು ಬಹಳ ಕಾಲದಿಂದ ಬಳಸುವುದು ನಮ್ಮ ಮನೆಗಳಲ್ಲೂ ಇರುವ ಕಂದು ಡೆಟಾಲ್. ಗಾಜಿನ ಬಾಟಲಿಯಲ್ಲಿ ಗೊಂಬೆ ಮುಳುಗುವಷ್ಟು ಡೆಟಾಲ್ ಹಾಕಿ, ನೀರು ಬೆರೆಸದೆ, ಒಂದು ದಿನ ಬಿಟ್ಟೆ. ಮಾರನೇ ದಿನ ಅಕ್ರಿಲಿಕ್ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತ್ತು. ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಗೊಂಬೆಯನ್ನು ತೆಗೆದು ನೇರವಾಗಿ ನಲ್ಲಿ ನೀರಿಗೆ ಹಿಡಿಯಬಾರದು. ನೀರು ತಾಗಿದ ಕೂಡಲೇ ಸಡಿಲವಾದ ಬಣ್ಣ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡುವುದಿಲ್ಲ. ಇನ್ನೂ ಸ್ವಲ್ಪ ಹೊಸ ಡೆಟಾಲ್‌ನಲ್ಲೇ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಬೇಕು. ಆಮೇಲೆ ಪಾತ್ರೆ ತೊಳೆಯುವ ಸೋಪು. ನೀರು ಕೊನೆಗೆ. ಕೈಗೆ ಗ್ಲೌಸ್ ಬೇಕೇ ಬೇಕು.

ಗ್ಲೌಸ್ ಡೆಟಾಲ್‌ಗಾಗಿ ಮಾತ್ರ ಅಲ್ಲ. ಆ ಕಾಲದ ಗೊಂಬೆಗಳ ಲೋಹದಲ್ಲಿ ತವರದ ಜೊತೆ ಸೀಸವೂ ಇರುತ್ತದೆ. ಮುಟ್ಟಿದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಆದರೆ ಅದರ ಪುಡಿ ಮೂಗು, ಬಾಯಿಗೆ ಹೋಗಬಾರದು. ನಾನು ಅರ ಹಾಕುವಾಗ ಗೊಂಬೆಯನ್ನು ಒದ್ದೆ ಮಾಡಿಕೊಂಡೇ ಹಾಕುತ್ತೇನೆ. ಕೆಳಗೆ ಪೇಪರ್ ಹಾಸಿ, ಆಮೇಲೆ ಅದನ್ನು ಮಡಚಿ ಬಿಸಾಡುತ್ತೇನೆ. ಅಡುಗೆಮನೆಯ ಸಿಂಕು, ಊಟದ ಮೇಜು ಎರಡೂ ಈ ಕೆಲಸಕ್ಕೆ ಇಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹಳೆ ಲೋಹದ ಗೊಂಬೆಯ ಗೋಜಿಗೆ ಹೋಗದೆ ಪ್ಲಾಸ್ಟಿಕ್‌ನದ್ದನ್ನೇ ತೆಗೆದುಕೊಳ್ಳಿ.

ಬಣ್ಣ ಹೋದ ಮೇಲೆ ಒಳಗಿನವನು ಕಾಣಿಸಿದ. ಪಕ್ಕೆಲುಬು, ಕುತ್ತಿಗೆಯ ನರ, ಎಲ್ಲವನ್ನೂ ಶಿಲ್ಪಿ ಬಿಡಿಸಿದ್ದರು. ಹೊಟ್ಟೆಯ ಬಾಯಿ ಬೆಳೆದು ಜಾಗ ತೆಗೆದುಕೊಂಡದ್ದರಿಂದ ಹೊಕ್ಕುಳ ಒಂದು ಪಕ್ಕಕ್ಕೆ ಸರಿದಿತ್ತು. ಮುಖ ಮಾತ್ರ ಮಾಮೂಲಿ ಮನುಷ್ಯನದು. ತಲೆ ಬಗ್ಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಾನೆ. ದಪ್ಪ ಹಸಿರಿನ ಕೆಳಗೆ ಇದೊಂದೂ ತಿಳಿಯುತ್ತಿರಲಿಲ್ಲ. ಇವನಿಗೆ ರಾಕ್ಷಸನ ಹಾಗೆ ಬಣ್ಣ ಹಚ್ಚಬಾರದು, ಇವನು ನಿನ್ನೆ ಮೊನ್ನೆಯವರೆಗೂ ಮನುಷ್ಯನಾಗಿದ್ದವನು ಅಂತ ಆಗಲೇ ತೀರ್ಮಾನ ಮಾಡಿದೆ.

ಕೈಗೆ ಏನು ಮಾಡುವುದು? ಮೋಟಿನ ತುದಿಯಲ್ಲಿ ಎರಡು ಸಣ್ಣ ಉಂಗುರದ ಗುರುತು ಉಳಿದಿತ್ತು. ಬೊಂಡಾಸ್‌ನ (ಸ್ಕ್ವಿಡ್) ಕೈ ಮೇಲಿರುತ್ತದಲ್ಲ, ಆ ಹೀರುಬಟ್ಟಲು. ಅಂದರೆ ಇಲ್ಲಿ ಇದ್ದದ್ದು ಅಂಥದ್ದೇ ಒಂದು ಕೈ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ತಾಜಾ ಬೊಂಡಾಸ್ ಸಿಗುವುದು ಕಷ್ಟ. ಹಾಗಾಗಿ ಮೇ ಕೊನೆಯ ವಾರವೇ ಬೆಳಗ್ಗೆ ಬೇಗ ಎದ್ದು ಮಲ್ಪೆಗೆ ಹೋಗಿ ಅರ್ಧ ಕಿಲೋ ಬೊಂಡಾಸ್, ಎರಡು ಏಡಿ ತಂದೆ. ಅಮ್ಮ ಸಾರಿಗೆ ಹಾಕುವ ಮೊದಲು ತಟ್ಟೆಯಲ್ಲಿ ಇಟ್ಟುಕೊಂಡು, ಕಿಟಕಿಯ ಬೆಳಕಲ್ಲಿ ಫೋನಿನಿಂದ ಮೂವತ್ತು ನಲವತ್ತು ಫೋಟೊ ತೆಗೆದೆ.

ಆ ಒಂದು ಗಂಟೆಯಲ್ಲಿ ಕಲಿತದ್ದು ಜಾಸ್ತಿ. ಬೊಂಡಾಸ್‌ಗೆ ಎಂಟು ಗಿಡ್ಡ ಕೈ, ಎರಡು ಉದ್ದ ಕೈ. ಗಿಡ್ಡ ಕೈಯಲ್ಲಿ ಹೀರುಬಟ್ಟಲು ಎರಡು ಸಾಲು, ಬುಡದಲ್ಲಿ ದೊಡ್ಡದು, ತುದಿಗೆ ಹೋಗುತ್ತಾ ಸಾಸಿವೆಗಿಂತ ಸಣ್ಣದು. ಚರ್ಮಕ್ಕೆ ಅದರದ್ದೇ ಒಂದು ಬಣ್ಣ ಅಂತ ಇಲ್ಲ. ಗಾಜಿನಂಥ ಬಿಳಿ ಮೈಮೇಲೆ ಕೆಂಗಂದು ಚುಕ್ಕೆಗಳು, ಅಷ್ಟೇ. ಆ ಚುಕ್ಕೆಗಳು ಬಣ್ಣದ ಚೀಲಗಳು. ಸ್ನಾಯು ಎಳೆದರೆ ಅಗಲ ಆಗುತ್ತವೆ, ಬಿಟ್ಟರೆ ಮುದುಡುತ್ತವೆ. ತೀರಾ ತಾಜಾ ಇದ್ದರೆ ಸತ್ತ ಮೇಲೂ ಸ್ವಲ್ಪ ಹೊತ್ತು ಆಡುತ್ತಿರುತ್ತವೆ. ಬೆನ್ನಿನ ಕಡೆ ಒತ್ತೊತ್ತಾಗಿ, ಹೀರುಬಟ್ಟಲಿನ ಕಡೆ ಬಹುತೇಕ ಇಲ್ಲವೇ ಇಲ್ಲ.

ಏಡಿಯಿಂದ ಕಲಿತ ಪಾಠ ಇನ್ನೂ ದೊಡ್ಡದು. ಮ್ಯುಟೆಂಟ್‌ಗಳ ಏಡಿಕೈಗೆ ಹೆಚ್ಚಿನವರು ಕೆಂಪು ಬಳಿಯುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಆದರೆ ಕೆಂಪು ಬೇಯಿಸಿದ ಏಡಿಯ ಬಣ್ಣ. ಜೀವಂತ ಏಡಿಯ ಚಿಪ್ಪಿನಲ್ಲಿರುವ ಕೆಂಪು ಬಣ್ಣದ ಅಂಶ ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದಕ್ಕೇ ಚಿಪ್ಪು ನೀಲಿ, ಬೂದು, ಪಾಚಿ ಬಣ್ಣ. ಬೆಂದಾಗ ಪ್ರೋಟೀನು ಕೆಟ್ಟು ಕೆಂಪು ಹೊರಬರುತ್ತದೆ. ಹೊಟ್ಟೆಬಾಯಿ ಬದುಕಿರುವವನು. ಅವನ ಇಕ್ಕಳ ಕೆಂಪಾದರೆ ಸುಳ್ಳಾಗುತ್ತದೆ. ಇನ್ನೊಂದು, ಚಿಪ್ಪಿನ ಎರಡು ಭಾಗ ಸೇರುವ ಕೀಲಿನಲ್ಲಿ ಚಿಪ್ಪು ಇರುವುದಿಲ್ಲ, ಬೆಳ್ಳಗಿನ ಮೆತ್ತನೆ ಪೊರೆ ಇರುತ್ತದೆ. ಆ ಪೊರೆಯ ಫೋಟೊ ಹತ್ತು ತೆಗೆದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮೋಟಿನ ಮಧ್ಯಕ್ಕೆ ಕೈಯಿಂದ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ 1 ಮಿ.ಮೀ. ತೂತು ಕೊರೆದೆ. ಸೀಸದ ಲೋಹ ಮೆತ್ತಗಿರುತ್ತದೆ, ಅವಸರ ಮಾಡಿದರೆ ಡ್ರಿಲ್ಲಿನ ತುದಿ ಜಾರುತ್ತದೆ. ಮೊದಲು ಸೂಜಿಯಿಂದ ಒಂದು ಗುಳಿ ಮಾಡಿಕೊಂಡರೆ ಡ್ರಿಲ್ಲು ಅಲ್ಲೇ ಕೂರುತ್ತದೆ. ಒಳಗೆ ಹಿತ್ತಾಳೆ ತಂತಿ ಇಟ್ಟು ಫೆವಿಕ್ವಿಕ್ ಹಾಕಿದೆ. ಪೇಪರ್ ಕ್ಲಿಪ್ಪಿನ ತಂತಿ ಸಾಕು ಅನ್ನುವವರಿದ್ದಾರೆ. ನಮ್ಮ ಕಡಲ ಗಾಳಿಗೆ ಅದು ತುಕ್ಕು ಹಿಡಿಯುತ್ತದೆ, ಬೇಡ. ತಂತಿಯನ್ನು ಮೊದಲೇ ಬೇಕಾದ ಬಳುಕಿಗೆ ಬಗ್ಗಿಸಿ, ಮೇಲೆ ಗ್ರೀನ್ ಸ್ಟಫ್ ಸುತ್ತಿದೆ. ನೀಲಿ ಒಂದು ಪಟ್ಟಿ, ಹಳದಿ ಒಂದು ಪಟ್ಟಿ, ಎರಡನ್ನೂ ನಾದಿದರೆ ಹಸಿರಾಗುವ ಎಪಾಕ್ಸಿ ಪುಟ್ಟಿ ಅದು. ಒಂದೂವರೆ ಗಂಟೆ ಕೈಗೆ ಬಗ್ಗುತ್ತದೆ. ಉಪಕರಣ ಅಂಟದಿರಲು ತುದಿಗೆ ನೀರು ಸಾಕು.

ಮೊದಲ ಸಲ ಕೈ ಹಾಳಾಯಿತು. ಕೈಯನ್ನೂ ಹೀರುಬಟ್ಟಲನ್ನೂ ಒಂದೇ ಸಂಜೆ ಮಾಡಲು ಹೊರಟೆ. ಬಟ್ಟಲು ಒತ್ತುವಾಗ ಕೆಳಗಿನ ಪುಟ್ಟಿ ಇನ್ನೂ ಹಸಿ, ಕೈಯೇ ಚಪ್ಪಟೆ ಆಯಿತು. ಎಲ್ಲ ಕಿತ್ತು ತಂತಿ ಬರಿದು ಮಾಡಿದೆ. ಎರಡನೇ ಸಲ ಬರೀ ಕೈ ಮಾಡಿ ಒಂದು ದಿನ ಒಣಗಲು ಬಿಟ್ಟೆ. ಮಾರನೇ ದಿನ ಸಣ್ಣ ಸಣ್ಣ ಉಂಡೆ ಮಾಡಿ, ಸೂಜಿಯ ತುದಿಯಲ್ಲಿ ಎತ್ತಿ ಜಾಗಕ್ಕೆ ಇಟ್ಟು, ಅದೇ ಸೂಜಿಯಿಂದ ಮಧ್ಯಕ್ಕೆ ಗುಳಿ ಮಾಡಿದೆ. ಒಟ್ಟು ಇಪ್ಪತ್ತಾರು ಬಟ್ಟಲು. ಬುಡದ ಆರು ಮುಗಿಯುವಷ್ಟರಲ್ಲಿ ಕಣ್ಣು ದಣಿಯಿತು. ತುದಿಯ ನಾಲ್ಕಕ್ಕೆ ಗುಳಿ ಮಾಡಲು ಆಗಲೇ ಇಲ್ಲ, ಬರೀ ಉಂಡೆಯಾಗಿ ಉಳಿದವು. ಆ ಅಳತೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಇದನ್ನು ಮಾಡುವಾಗೆಲ್ಲ ನನಗೆ ಚೌಕಿ, ಅಂದರೆ ಯಕ್ಷಗಾನದವರು ವೇಷ ಕಟ್ಟುವ ಜಾಗ, ನೆನಪಾಗುತ್ತಿತ್ತು. ಸಣ್ಣವನಿದ್ದಾಗ ಸೋದರಮಾವ ಯಕ್ಷಗಾನಕ್ಕೆ ಕರೆದುಕೊಂಡು ಹೋದರೆ ಮೊದಲು ಚೌಕಿಗೆ ನುಗ್ಗುತ್ತಿದ್ದರು. ಅಲ್ಲಿ ತೆಂಕುತಿಟ್ಟಿನ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಮುಖಕ್ಕೆ ಚಿಟ್ಟಿ ಇಡುತ್ತಾ ಕೂತಿರುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯಿಂದ ಒಂದೊಂದೇ ಚುಕ್ಕೆಯಾಗಿ ಇಡಬೇಕು. ಗಂಟೆಗಟ್ಟಲೆ ಕೆಲಸ. ರಂಗಕ್ಕೆ ಬಂದಾಗ ಮಕ್ಕಳು ಕಿರುಚುವಂಥ ಮುಖ ಅದು, ಆದರೆ ಎಡಗೆನ್ನೆಯ ಸಾಲಿಗೂ ಬಲಗೆನ್ನೆಯ ಸಾಲಿಗೂ ವ್ಯತ್ಯಾಸ ಇರುತ್ತಿರಲಿಲ್ಲ. "ಹೆದರಿಸುವ ಮುಖಕ್ಕೇ ಲೆಕ್ಕ ಜಾಸ್ತಿ ಬೇಕು, ನೋಡಿಕೋ" ಅಂತ ಮಾವ ಹೇಳುತ್ತಿದ್ದರು. ಮ್ಯುಟೆಂಟ್ ಗೊಂಬೆಗೆ ಬಣ್ಣ ಹಚ್ಚುವಾಗ ನಾನು ಹಿಡಿದುಕೊಂಡಿರುವುದು ಆ ಮಾತನ್ನೇ. ರಕ್ತ, ಕೀವು, ಲೋಳೆ ಎಲ್ಲ ಸುರಿದರೆ ಗಲೀಜಾಗುತ್ತದೆ, ವಿಕಾರ ಆಗುವುದಿಲ್ಲ. ಮನುಷ್ಯನ ಚರ್ಮ ಎಲ್ಲಿ ಮುಗಿಯಿತು, ಚಿಪ್ಪು ಎಲ್ಲಿ ಶುರುವಾಯಿತು ಅಂತ ನೋಡುವವರಿಗೆ ಕಾಣಬೇಕು. ಆ ಗಡಿಯಲ್ಲೇ ಮೈ ಜುಮ್ ಅನ್ನುವುದು.

ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ಪ್ರೈಮರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ಸ್ಪ್ರೇ ಕ್ಯಾನ್ ಮುಟ್ಟಬೇಡಿ. ಗಾಳಿಯ ತೇವಕ್ಕೆ ಮೇಲ್ಮೈ ಮರಳು ಮರಳಾಗುತ್ತದೆ, ಇಲ್ಲವೇ ಬೆಳ್ಳಗೆ ಮಂಜು ಕಟ್ಟುತ್ತದೆ. ಬ್ರಶ್ಶಿನಿಂದ ಹಚ್ಚುವ ಬೂದು ಪ್ರೈಮರನ್ನು ತೆಳ್ಳಗೆ ಎರಡು ಸಲ ಹಚ್ಚಿ ಒಂದು ದಿನ ಬಿಟ್ಟೆ. ಆಮೇಲೆ ಬ್ರಶ್ಶಿನಲ್ಲಿ ಬಿಳಿ ಬಣ್ಣವನ್ನು ಬಹುತೇಕ ಒರೆಸಿ, ಉಬ್ಬುಗಳಿಗೆ ಮಾತ್ರ ತಾಗುವಂತೆ ಮೇಲಿಂದ ಸವರಿದೆ. ಬೆಳಕು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಅದೊಂದು ನಕ್ಷೆ.

ಬಣ್ಣಕ್ಕೆ ನಾಲ್ಕೇ ಬಾಟಲಿ ತೆಗೆದಿಟ್ಟುಕೊಂಡೆ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕುಂಕುಮದ ಕೆಂಪು), ಕಪ್ಪು, ಬಿಳಿ. ಇದು ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ (1860–1920) ಹೆಸರಿನಿಂದ ಕರೆಯುವ ಬಣ್ಣದ ಗುಂಪು. ಮನುಷ್ಯರ ಮುಖ ಬರೆಯಲು ಇಷ್ಟು ಸಾಕು ಅಂತ ಅವರ ಚಿತ್ರಗಳು ತೋರಿಸುತ್ತವೆ. ಮ್ಯುಟೆಂಟ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಓಕರ್‌ಗೆ ಕಪ್ಪು ಬೆರೆಸಿದರೆ ಪಾಚಿ ಹಸಿರು ಬರುತ್ತದೆ. ಕೆಂಪಿಗೆ ಕಪ್ಪು ಬೆರೆಸಿದರೆ ಒಣಗಿದ ರಕ್ತದ ಬಣ್ಣ. ಕಪ್ಪು, ಬಿಳಿ ಸೇರಿದರೆ ಬೂದು, ಆದರೆ ಬೆಚ್ಚಗಿನ ಚರ್ಮದ ಬಣ್ಣದ ಪಕ್ಕ ಇಟ್ಟರೆ ಅದೇ ಬೂದು ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ಏಡಿಕೈಗೆ ಬೇಕಾದ ನೀಲಿ ಹೀಗೆ ಸಿಕ್ಕಿತು. ಒಂದು ಹನಿ ನಿಜವಾದ ನೀಲಿ ಸೇರಿಸೋಣ ಅಂತ ಎರಡು ದಿನ ಯೋಚಿಸಿ ಬಿಟ್ಟೆ. ಎಲ್ಲ ಬಣ್ಣವೂ ಅದೇ ನಾಲ್ಕರಿಂದ ಹುಟ್ಟಿದರೆ ಚಿಪ್ಪೂ ಚರ್ಮವೂ ಒಂದೇ ಮೈಯಲ್ಲಿ ಬೆಳೆದ ಹಾಗೆ ಕಾಣುತ್ತದೆ.

ಬಣ್ಣ ಒಣಗದಿರಲು ತಿಂಡಿ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಮೇಲೆ ಬೇಕಿಂಗ್ ಪೇಪರ್ ಹಾಸಿದ್ದೇನೆ. ನಮ್ಮ ತೇವಕ್ಕೆ ಮೂರೇ ದಿನದಲ್ಲಿ ಬೂಷ್ಟು ಬರುತ್ತಿತ್ತು. ಸ್ಪಂಜಿನ ಕೆಳಗೆ ಒಂದು ತುಂಡು ತಾಮ್ರದ ತಂತಿ ಇಟ್ಟ ಮೇಲೆ ಕಡಿಮೆಯಾಗಿದೆ.

ಮೈಬಣ್ಣ ಓಕರ್, ಬಿಳಿ ಸಮ ಸಮ, ಕೆಂಪು ಅದರ ಅರ್ಧ. ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಮೂರು ಸಲ ಹಚ್ಚಿದೆ. ಆಮೇಲೆ ಇಡೀ ಜುಲೈ ಹೋದದ್ದು ಎರಡು ಗಡಿಗಳ ಮೇಲೆ.

ಬಲ ಮೊಣಕೈ ಹತ್ತಿರ ಚರ್ಮ ಚಿಪ್ಪಾಗುವ ಜಾಗ ಹೆಚ್ಚೆಂದರೆ 4 ಮಿ.ಮೀ. ಅಲ್ಲಿ ನಾನು ಮೊದಲು ಹಸಿ ಕೆಂಪು ಹಚ್ಚಿದೆ, ಗಾಯದ ಹಾಗೆ. ಅಮ್ಮ ಸಂಜೆ ಚಹಾ ಇಟ್ಟು ಭೂತಗನ್ನಡಿಯಲ್ಲಿ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಇವನಿಗೆ ಇನ್ನೂ ನೋವಾಗ್ತಾ ಉಂಟಾ?"

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಮುಖ ನೋಡಿದೆ. ನೋವಿನ ಮುಖ ಅಲ್ಲ ಅದು, ನೋವಿಗೆ ಒಗ್ಗಿಹೋದ ಮುಖ. ಹಾಗಾದರೆ ಇದು ಹೊಸ ಗಾಯ ಆಗಲು ಸಾಧ್ಯವಿಲ್ಲ, ಅಲ್ವಾ? ಪೆಟ್ಟು ಬಿದ್ದ ಜಾಗ ಮೊದಲು ಕೆಂಪು, ಆಮೇಲೆ ನೇರಳೆ, ಆಮೇಲೆ ಹಸಿರು, ಕೊನೆಗೆ ಹಳದಿ ಆಗುತ್ತದೆ. ಚರ್ಮದ ಕೆಳಗೆ ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು, ಅದು ಬಿಲಿರುಬಿನ್ ಆದಾಗ ಹಳದಿ. ಈ ಬಣ್ಣಗಳನ್ನೇ ಕೈಯ ಉದ್ದಕ್ಕೆ ಸಾಲಾಗಿ ಇಟ್ಟೆ. ಚಿಪ್ಪಿನ ಅಂಚಿನಲ್ಲಿ ಕಪ್ಪು ಬೆರೆತ ಕೆಂಪಿನ ಒಂದು ಗೆರೆ, ಏಕೆಂದರೆ ಚಿಪ್ಪು ಇನ್ನೂ ಮೇಲಕ್ಕೆ ಬೆಳೆಯುತ್ತಿದೆ. ಅದರ ಮೇಲೆ ಪಾಚಿ ಹಸಿರು. ಅದರ ಮೇಲೆ ಓಕರ್. ತೋಳಿನಲ್ಲಿ ಮಾಮೂಲಿ ಚರ್ಮ.

ಇದನ್ನು ಮಾಡುವ ರೀತಿ ಹೀಗೆ. ಬಣ್ಣವನ್ನು ಅಕ್ಕಿ ತೊಳೆದ ನೀರಿನಷ್ಟು ತೆಳ್ಳಗೆ ಮಾಡಬೇಕು. ಬ್ರಶ್ಶನ್ನು ಅದ್ದಿ ಟಿಶ್ಯೂಗೆ ಒಮ್ಮೆ ತಾಗಿಸಿ ಹೆಚ್ಚಿನ ನೀರು ತೆಗೆಯಬೇಕು, ಇಲ್ಲದಿದ್ದರೆ ಹನಿ ಸಂದಿಯಲ್ಲಿ ನಿಂತು ಕಲೆಯಾಗುತ್ತದೆ. ಬ್ರಶ್ ಎಲ್ಲಿ ಎತ್ತುತ್ತೀರೋ ಅಲ್ಲಿ ಬಣ್ಣ ಜಾಸ್ತಿ ಕೂರುತ್ತದೆ. ಹಾಗಾಗಿ ಚಿಪ್ಪಿನ ಹತ್ತಿರ ಕಪ್ಪಾಗಬೇಕಿದ್ದರೆ ತೋಳಿನಿಂದ ಚಿಪ್ಪಿನ ಕಡೆಗೆ ಎಳೆದು ಅಲ್ಲಿ ಎತ್ತಬೇಕು. ಒಂದು ಪದರ ಹಚ್ಚಿದಾಗ ಏನೂ ಆಗಿಲ್ಲ ಅನಿಸುತ್ತದೆ. ಹನ್ನೆರಡನೇ ಪದರಕ್ಕೆ ತಾನಾಗಿ ಬೆರೆತಿರುತ್ತದೆ. ಪೂರ್ತಿ ಒಣಗದೆ ಮೇಲೆ ಇನ್ನೊಂದು ಎಳೆದರೆ ಕೆಳಗಿನದು ಕಿತ್ತು ಬರುತ್ತದೆ, ಮಳೆಗಾಲದಲ್ಲಿ ಒಣಗಲು ಎರಡರಷ್ಟು ಹೊತ್ತು ಬೇಕು. ನಾನು ಊಟಕ್ಕೆ ಮೊದಲು ಎರಡು ಪದರ, ಊಟದ ನಂತರ ಎರಡು ಅಂತ ಇಟ್ಟುಕೊಂಡೆ. ಚಿಪ್ಪಿನ ಕೀಲಿನಲ್ಲಿ ಆ ಬೆಳ್ಳಗಿನ ಪೊರೆಯನ್ನೂ ಮರೆಯಲಿಲ್ಲ. ಬಿಳಿಗೆ ಒಂಚೂರು ಓಕರ್, ಅಂಚಿಗೆ ಕೆಂಪಿನ ನೆರಳು.

ಎಡಗೈ ಇದಕ್ಕೆ ಹೋಲಿಸಿದರೆ ಸುಲಭ. ಬುಡದಿಂದ ತುದಿಗೆ ಹೋಗುತ್ತಾ ಚರ್ಮದ ಬಣ್ಣಕ್ಕೆ ಬಿಳಿ ಹೆಚ್ಚಿಸುತ್ತಾ ಹೋದೆ. ಮೇಲೆ ಕೆಂಗಂದು ಚುಕ್ಕೆ, ಬ್ರಶ್ಶಿನ ತುದಿಯಿಂದ ಒಂದೊಂದೇ. ಇಲ್ಲಿ ಒಳ್ಳೆ ಬ್ರಶ್ ಬೇಕು. ನನ್ನ ಹತ್ತಿರ ಕೊಲಿನ್ಸ್ಕಿ ಎಂಬ ಪ್ರಾಣಿಯ ಕೂದಲಿನ 1 ನಂಬರಿನದು ಒಂದಿದೆ. ಸಣ್ಣ ಚುಕ್ಕೆಗೆ ಅತಿ ಸಣ್ಣ ಬ್ರಶ್ ಬೇಕು ಅಂದುಕೊಳ್ಳುವುದು ತಪ್ಪು, ಅದರಲ್ಲಿ ಬಣ್ಣ ನಿಲ್ಲದೆ ಗೊಂಬೆಗೆ ತಾಗುವ ಮೊದಲೇ ಒಣಗುತ್ತದೆ. ಹೊಟ್ಟೆ ತುಂಬಿದ, ತುದಿ ಚೂಪಾದ ಬ್ರಶ್ ಬೇಕು. ಚುಕ್ಕೆಗಳನ್ನು ಮೋಟಿನ ಗಡಿ ದಾಟಿಸಿ ಭುಜದ ಚರ್ಮದ ಮೇಲೂ ಐದಾರು ಇಟ್ಟೆ. ಮುಂದಿನ ತಿಂಗಳು ಇದು ಕುತ್ತಿಗೆಗೂ ಬರುತ್ತದೆ ಅನ್ನುವ ಹಾಗೆ.

ಹೊಟ್ಟೆಯ ಬಾಯಿಗೆ ಹಲ್ಲು ಬೆಳ್ಳಗೆ ಮಾಡಲಿಲ್ಲ. ಬುಡದಲ್ಲಿ ಓಕರ್ ಮತ್ತು ಕಪ್ಪು, ತುದಿಗೆ ಮಾತ್ರ ಬಿಳಿ. ಒಸಡಿಗೆ ಮಾತ್ರ ಆ ನಾಲ್ಕರ ಹೊರಗಿನ, ತಮಿಯಾ ಕಂಪನಿಯ ಕ್ಲಿಯರ್ ರೆಡ್ ಬಣ್ಣಕ್ಕೆ ಸ್ವಲ್ಪ ಕಪ್ಪು ಬೆರೆಸಿ ಹಚ್ಚಿದೆ, ಅದು ಒಣಗಿದ ಮೇಲೂ ಒದ್ದೆಯಾಗಿಯೇ ಕಾಣುತ್ತದೆ. ಜೊಲ್ಲಿಗೆ ಪಾರದರ್ಶಕ ಅಂಟನ್ನು ಕಡ್ಡಿಯಿಂದ ಎಳೆದರೆ ನೂಲು ಬರುತ್ತದಲ್ಲ, ಅಂಥ ಒಂದು ನೂಲನ್ನು ಮೇಲಿನ ಹಲ್ಲಿನಿಂದ ಕೆಳಗಿನ ತುಟಿಗೆ ಕಟ್ಟಿದೆ. ಮೂರು ಕಟ್ಟಿದ್ದೆ, ಎರಡನ್ನು ತೆಗೆದೆ. ಮುಖದ ಕಣ್ಣಿಗೆ ಬಿಳಿ ಹಾಕಲೇ ಇಲ್ಲ. ರೆಪ್ಪೆ ಅಷ್ಟು ಇಳಿದಿದೆ, ಕಂದು ಗೆರೆ ಒಂದೇ ಸಾಕಾಯಿತು.

ಆಗಸ್ಟ್ ಮೊದಲ ವಾರ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹಚ್ಚಿದ ರಾತ್ರಿ ನಿದ್ದೆ ಬರಲಿಲ್ಲ. ಒಣಗಿದ ಮೇಲೆ ಪಕ್ಕೆಲುಬಿನ ಸಂದಿಯಲ್ಲೆಲ್ಲ ಬೂದಿ ಎರಚಿದ ಹಾಗೆ ಬಿಳಿ ಕಟ್ಟಿತ್ತು. ತಪ್ಪು ನನ್ನದೇ. ಹೊಳಪು ಕಡಿಮೆ ಮಾಡುವ ಪುಡಿ ಬಾಟಲಿಯ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಅಲ್ಲಾಡಿಸಬೇಕು. ನಾನು ಎರಡು ಸಲ ತಿರುಗಿಸಿ ಸುಮ್ನೆ ಹಚ್ಚಿದ್ದೆ. ಅಷ್ಟೂ ಕೆಲಸ ಹೋಯಿತು ಅಂದುಕೊಂಡೆ. ಮಾರನೇ ದಿನ ಹೊಳಪಿನ ವಾರ್ನಿಷ್ ತೆಳ್ಳಗೆ ಮೇಲೆ ಹಚ್ಚಿದಾಗ ಆ ಬಿಳಿ ಮಾಯವಾಯಿತು, ಕೆಳಗಿನ ಬಣ್ಣ ಹಾಗೇ ಇತ್ತು. ಒಂದು ದಿನ ಬಿಟ್ಟು, ಈ ಸಲ ಎರಡು ನಿಮಿಷ ಬಾಟಲಿ ಅಲ್ಲಾಡಿಸಿ, ಮ್ಯಾಟ್ ವಾರ್ನಿಷನ್ನು ಚರ್ಮಕ್ಕೆ ಮಾತ್ರ ಹಚ್ಚಿದೆ. ಬೊಂಡಾಸ್ ಕೈ, ಒಸಡು, ಚಿಪ್ಪಿನ ಅಂಚು ಹೊಳೆಯುತ್ತಲೇ ಉಳಿದವು.

ನೆಲಕ್ಕೆ ನಮ್ಮ ಅಂಗಳದ ಮುರಕಲ್ಲನ್ನೇ ಕುಟ್ಟಿ ಜರಡಿ ಹಿಡಿದು ಅಂಟಿಸಿದೆ. ಕಲ್ಲಿನ ಕೆಂಪು ಮೈಬಣ್ಣಕ್ಕೆ ಚೆನ್ನಾಗಿ ಹೊಂದಿತು. ಪಾಚಿ ಹಾಕಬೇಕು ಅಂತ ಗೋಡೆಯಿಂದ ಕೆರೆದು ತಂದಿದ್ದೆ, ಆದರೆ ಬಿಸಿಲಿಲ್ಲದೆ ಅದು ಒಣಗಲೇ ಇಲ್ಲ. ಹಸಿ ಪಾಚಿ ಅಂಟಿಸಿದರೆ ಬೂಷ್ಟು ಬರುತ್ತದೆ, ಅದಕ್ಕೇ ಬಿಟ್ಟೆ.

ಸೀಸದ ಗೊಂಬೆಯನ್ನು ಮರದ ಮುಚ್ಚಿದ ಕಪಾಟಿನಲ್ಲಿ ಇಡಬಾರದು. ಕೆಲವು ಮರಗಳಿಂದ ಬರುವ ಆಮ್ಲದ ಆವಿಗೆ ಲೋಹ ಬಿಳಿ ಪುಡಿಯಾಗಿ ಉದುರಲು ಶುರುವಾಗುತ್ತದೆ. ಹೊಟ್ಟೆಬಾಯಿ ಈಗ ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ನಿಂತಿದ್ದಾನೆ. ಅಮ್ಮ ಬೆಳಗ್ಗೆ ಕಿಟಕಿ ತೆರೆಯುವಾಗ ಡಬ್ಬಿಯನ್ನು ಸ್ವಲ್ಪ ತಿರುಗಿಸಿ, ಏಡಿಕೈ ಬೆಳಕಿನ ಕಡೆ ಬರುವ ಹಾಗೆ ಇಟ್ಟು ಹೋಗುತ್ತಾರೆ.